ಬಟವಾಡೆ ದಿನದ ಲೆಕ್ಕ: ಕುಡಿಯೋದು ಒಬ್ಬರು, ಕಟ್ಟೋದು ಮನೆಮಂದಿಯೆಲ್ಲ

ಶನಿವಾರ ನಮ್ಮ ಕಡೆ ತೋಟಗಳಲ್ಲಿ ಬಟವಾಡೆ. ವಾರದ ಕೂಲಿ ಕೈಗೆ ಬರೋ ದಿನ. ಸಕಲೇಶಪುರ ತಾಲೂಕು ಹಾನುಬಾಳು ಹೋಬಳಿಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ದಿನ ಸಂಜೆಯಾದರೆ ನನಗೂ ಅಣ್ಣನಿಗೂ ಒಂದೇ ಕೆಲಸ, ಕಿವಿಗೊಟ್ಟು ಕೂರೋದು. ಜಲ್ಲಿ ರಸ್ತೆ ಮೇಲೆ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಸಾಕು, ಎಷ್ಟು ಕುಡಿದಿದ್ದಾರೆ ಅಂತ ಹೇಳಿಬಿಡ್ತಿದ್ವಿ. ಸದ್ದು ಸಮವಾಗಿದ್ದರೆ ನೈಂಟಿ. ಕಾಲು ಎಳೆದರೆ ಕ್ವಾರ್ಟರ್. ಸದ್ದು ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತರೆ ಅವ್ವ ಒಲೆ ಮೇಲಿನ ಅನ್ನದ ಪಾತ್ರೆ ಇಳಿಸಿ ಒಳಗಿಡ್ತಿದ್ದಳು. ಅನ್ನ ಅಂಗಳಕ್ಕೆ ಹಾರೋದು ನಮ್ಮನೇಲಿ ಹೊಸದೇನಲ್ಲ.

ಅಪ್ಪ ಮರಗಸಿ ಮಾಡುವವರು. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವ ಹಾಗೆ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ ಅದು. ಪ್ರಾಣ ಕೈಲಿ ಹಿಡ್ಕೊಂಡು ಮಾಡಬೇಕು, ಎಲ್ಲರಿಗೂ ಬರಲ್ಲ. 'ನಿಮ್ಮಪ್ಪನಂಥ ಕೆಲಸಗಾರ ಈ ಸುತ್ತಿನಲ್ಲೇ ಇಲ್ಲ' ಅಂತ ರೈಟರು ಹೇಳೋರು. 'ಕುಡಿಯೋದೊಂದು ಬಿಟ್ರೆ' ಅಂತ ಸೇರಿಸೋರು. ಇಡೀ ಬಾಲ್ಯ ನಾನು ಕೇಳಿದ್ದು ಈ ಮಾತು. ಆ 'ಒಂದು' ಬಿಟ್ಟರೆ ಉಳಿಯೋದು ಏನು ಅಂತ ಯಾರೂ ಕೇಳಲಿಲ್ಲ.

ಮದ್ಯದ ಬಗ್ಗೆ ನಮ್ಮ ರಾಜಕೀಯ ಚರ್ಚೆಗಳಲ್ಲಿ ಇರೋದು ಎರಡೇ ಪಾತ್ರ. ಒಂದು ಕುಡುಕ, ಇನ್ನೊಂದು ಸರ್ಕಾರದ ಖಜಾನೆ. ಇವರಿಬ್ಬರ ನಡುವೆ ಒಂದು ಮನೆ ಇದೆ, ಆ ಮನೇಲಿ ಕುಡಿಯದೇ ಇರೋ ನಾಲ್ಕೈದು ಜನ ಇದ್ದಾರೆ. ಈ ಲೇಖನ ಅವರ ಬಗ್ಗೆ.

ಮನೆಯೊಳಗಿನ ಕೆಲಸ ಹಂಚಿಕೆ

ಒಬ್ಬರು ಕುಡಿತಕ್ಕೆ ಬಿದ್ದ ಮನೆಯಲ್ಲಿ ಉಳಿದವರೆಲ್ಲರಿಗೂ ಒಂದೊಂದು ಕೆಲಸ ಬೀಳುತ್ತೆ. ಯಾರೂ ಹಂಚಲ್ಲ, ತಾನಾಗೇ ಬೀಳುತ್ತೆ.

ಅವ್ವನದು ಮುಚ್ಚಿಡೋ ಕೆಲಸ. ದುಡ್ಡನ್ನು ಅಕ್ಕಿ ಡಬ್ಬಿಯೊಳಗೆ ಮುಚ್ಚಿಡೋದು, ಮೈಮೇಲಿನ ಬರೆಯನ್ನು ಸೆರಗಲ್ಲಿ ಮುಚ್ಚಿಡೋದು, ಸೋಮವಾರ ಅಪ್ಪ ಏಳದಿದ್ದರೆ 'ಜ್ವರ ಸಾರ್' ಅಂತ ರೈಟರ ಹತ್ತಿರ ಸತ್ಯ ಮುಚ್ಚಿಡೋದು. ಸಂಘದ ಸಾಲ ಅವಳ ಹೆಸರಲ್ಲಿ, ವಾರದ ಕಂತು ಅವಳ ತಲೆ ಮೇಲೆ. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ವಸೂಲಿಗಾರರ ದೌರ್ಜನ್ಯದ ಬಗ್ಗೆ ಬೇಕಾದಷ್ಟು ಚರ್ಚೆ ಆಯ್ತು, ಆಗಲೇಬೇಕಿತ್ತು. ಆದರೆ ಹೆಣ್ಣುಮಕ್ಕಳು ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ಯಾಕೆ ಮಾಡ್ತಾರೆ ಅನ್ನೋ ಪ್ರಶ್ನೆ ಹೆಚ್ಚು ಕೇಳಿಸಲಿಲ್ಲ. ನಮ್ಮ ಲೈನಿನಲ್ಲಿ ಕೇಳಿದ್ದರೆ ಉತ್ತರ ಸಿಗ್ತಿತ್ತು. ಗಂಡನ ಕೂಲಿ ಮನೆ ಬಾಗಿಲು ದಾಟಿ ಒಳಗೆ ಬರದಿದ್ದಾಗ ಅಕ್ಕಿ, ಔಷಧಿ, ಸ್ಕೂಲ್ ಬ್ಯಾಗಿಗೆ ಅಂತ ಸಾಲ ಆಗೋದು ಅವ್ವಂದಿರ ಹೆಸರಲ್ಲೇ.

ಅಣ್ಣನದು ದೊಡ್ಡವನಾಗೋ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ. ಯಾರೂ ಬಿಡು ಅನ್ನಲಿಲ್ಲ. ಕಾಫಿ ಕೊಯ್ಲಿನ ಹೊತ್ತಲ್ಲಿ ಒಂದು ತಿಂಗಳಿಗೆ ಅಂತ ಹೋದವನು ಮತ್ತೆ ಬ್ಯಾಗ್ ಹಾಕ್ಕೊಳ್ಳಲಿಲ್ಲ.

ನನ್ನದು ನಗಿಸೋ ಕೆಲಸ ಮತ್ತೆ ಮಾರ್ಕ್ಸ್ ತರೋ ಕೆಲಸ. ಅಪ್ಪ ನನ್ನ ಮೇಲೆ ಕೈ ಮಾಡ್ತಿರಲಿಲ್ಲ. ಅದಕ್ಕೇ ರಾತ್ರಿ ಅವರನ್ನ ಕರೆದುಕೊಂಡು ಬರೋಕೆ ಗೂಡಂಗಡಿಗೆ ನನ್ನನ್ನೇ ಕಳಿಸೋರು. ಎಂಟು ವರ್ಷದ ಹುಡುಗಿ, ಕೈಲಿ ಬ್ಯಾಟರಿ. ಅಲ್ಲಿ ಕೂತಿರೋ ಗಂಡಸರೆಲ್ಲ 'ಏ, ನಿನ್ ಮಗಳು ಬಂದ್ಲು ನೋಡೋ' ಅಂತ ನಗೋರು. ಆ ಗೂಡಂಗಡಿಗೆ ಲೈಸೆನ್ಸ್ ಇರಲಿಲ್ಲ. ಬೀಡಿ, ಬಾಳೆಹಣ್ಣಿನ ಹಿಂದೆ ಪ್ಯಾಕೆಟ್ ಸಿಗುತ್ತೆ ಅನ್ನೋದು ಊರಿಗೆಲ್ಲ ಗೊತ್ತಿತ್ತು.

ಅಜ್ಜಿಯದು ದೂರೋ ಕೆಲಸ. 'ಹೆಂಡ್ತಿ ಸರಿಯಾಗಿದ್ರೆ ಗಂಡ ಯಾಕೆ ಕುಡೀತಾನೆ?'

ಬೆಂಗಳೂರಿಗೆ ಓದೋಕೆ ಬಂದ ಮೇಲೆ ಗೊತ್ತಾಯ್ತು, ಇದನ್ನೆಲ್ಲ ಅಧ್ಯಯನ ಮಾಡಿದವರಿದ್ದಾರೆ. ಅಮೆರಿಕದ ಜಾನೆಟ್ ವಾಯ್ಟಿಟ್ಸ್ 1983ರಲ್ಲೇ ಕುಡುಕರ ಮನೆಯಲ್ಲಿ ಬೆಳೆದು ದೊಡ್ಡವರಾದವರ ಬಗ್ಗೆ ಪುಸ್ತಕ ಬರೆದರು. ಮನೆಯ ಜವಾಬ್ದಾರಿ ಹೊರುವ ಮಗು, ನಗಿಸುವ ಮಗು, ಕಣ್ಣಿಗೇ ಬೀಳದ ಹಾಗೆ ಇದ್ದುಬಿಡುವ ಮಗು ಅಂತ ಮಕ್ಕಳ ಪಾತ್ರಗಳನ್ನು ಆ ಕಾಲದ ಆಪ್ತಸಲಹೆಗಾರರು ಗುರುತಿಸಿದ್ದರು. ಹಾಸ್ಟೆಲ್ ಕೋಣೆಯಲ್ಲಿ ಅದನ್ನೆಲ್ಲ ಓದ್ತಾ ನಮ್ಮ ಲೈನಿನ ಆರು ಮನೆಗಳನ್ನು ಒಂದೊಂದಾಗಿ ನೆನಪು ಮಾಡ್ಕೊಂಡೆ. ನಾಲ್ಕು ಮನೆಯಲ್ಲಿ ಇದೇ ಪಾತ್ರಗಳು, ಮಕ್ಕಳ ಹೆಸರಷ್ಟೇ ಬೇರೆ.

ಇದು ಒಂದು ಲೈನಿನ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ ನೂರಕ್ಕೆ 70 ಹೆಂಗಸರು ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಅದು ನೂರಕ್ಕೆ 23. ಆ 23 ಕೂಡ ನಾಚಿಕೆಗೇಡು. ಕುಡಿತವೇ ಹಿಂಸೆಯ ಏಕೈಕ ಕಾರಣ ಅಲ್ಲ ಅನ್ನೋದನ್ನೂ ಅದೇ ಅಂಕಿ ಹೇಳ್ತಿದೆ. ಹೆಂಡತಿ ಮೇಲೆ ಕೈ ಮಾಡೋ ಹಕ್ಕು ತನಗಿದೆ ಅನ್ನೋ ನಂಬಿಕೆಯನ್ನು ಯಾವ ಬಾಟಲಿಯೂ ಹುಟ್ಟಿಸಲ್ಲ. ಇರೋ ನಂಬಿಕೆಗೆ ಬಾಟಲಿ ಧೈರ್ಯ ಕೊಡುತ್ತೆ, ಅಷ್ಟೇ.

ಅಂಗಡಿ ಮುಚ್ಚಿದ ನಲವತ್ತು ದಿನ

2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಅವ್ವನಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ವೈನ್‌ಶಾಪ್ ಬಂದ್. ನಾನೂ ಊರಿಗೆ ಬಂದಿದ್ದೆ. ಮೊದಲ ದಿನ ಅಪ್ಪ ಸುಮ್ಮನಿದ್ದರು. ಎರಡನೇ ದಿನ ಕೈ ನಡುಗೋಕೆ ಶುರು, ಲೋಟ ಹಿಡಿಯೋಕೆ ಆಗ್ತಿಲ್ಲ, ಮೈಯೆಲ್ಲ ಬೆವರು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರೀತಿವೆ ಅಂತ ಕೈಯಲ್ಲಿ ಒರೆಸ್ತಾ ಕೂತರು. ಸತ್ತುಹೋದ ತಮ್ಮನ ಜೊತೆ ಮಾತಾಡಿದರು. ಅಜ್ಜಿ ಗಾಳಿ ಸೋಕಿದೆ ಅಂದಳು, ನಿಂಬೆಹಣ್ಣು ಇಳಿ ತೆಗೆದಳು. ಬೆಳಗಿನ ಜಾವ ಫಿಟ್ಸ್ ಬಂತು. ತೋಟದ ಜೀಪಲ್ಲಿ ಆಸ್ಪತ್ರೆಗೆ ಹೊತ್ತೊಯ್ದೆವು.

ಅಲ್ಲಿ ಒಬ್ಬ ಯುವ ಡಾಕ್ಟರು ಅವ್ವನಿಗೆ ಹೇಳಿದ ಮಾತು ಇದು: 'ಅಮ್ಮ, ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇದು ಕಾಯಿಲೆ. ಔಷಧಿ ಕೊಟ್ಟು ನಿಧಾನಕ್ಕೆ ಬಿಡಿಸಬೇಕು.' ನನಗಾಗ ಇಪ್ಪತ್ತೆರಡು ವರ್ಷ. ಅಪ್ಪನ ಕುಡಿತವನ್ನು ಯಾರಾದರೂ 'ಕಾಯಿಲೆ' ಅಂದಿದ್ದು ಅದೇ ಮೊದಲು. ಅಲ್ಲಿವರೆಗೆ ಅದು ಚಟ, ಕೊಬ್ಬು, ಹಣೆಬರಹ, ಅವ್ವನ ತಪ್ಪು, ಇನ್ನೂ ಏನೇನೋ ಆಗಿತ್ತು. ನಡುಗುವ ಕೈ, ಕಣ್ಣಿಗೆ ಕಾಣುವ ಇಲ್ಲದ ಹುಳ, ಫಿಟ್ಸ್, ಇವೆಲ್ಲ ಮಿದುಳು ಮದ್ಯಕ್ಕೆ ಒಗ್ಗಿಹೋಗಿ ಅದು ಸಿಗದಾಗ ಕೆರಳುವ ಲಕ್ಷಣಗಳು. ಇದಕ್ಕೆ ಮಾತ್ರೆ ಇದೆ, ಥಯಮಿನ್ ಅನ್ನೋ ಬಿ-1 ಜೀವಸತ್ವದ ಚುಚ್ಚುಮದ್ದಿದೆ. ಚಿಕಿತ್ಸೆಯೇನೂ ರಹಸ್ಯವಲ್ಲ, ನಮ್ಮವರೆಗೆ ಬಂದಿರಲಿಲ್ಲ ಅಷ್ಟೆ.

ಅಪ್ಪ ಒಂದು ವಾರಕ್ಕೆ ಚೇತರಿಸಿಕೊಂಡರು. ಏಪ್ರಿಲ್ ತಿಂಗಳೆಲ್ಲ ಮನೇಲೇ ಇದ್ದರು. ಸಂಜೆ ಅಂಗಳದಲ್ಲಿ ಕೂತು ಮೆಣಸಿನ ಬಳ್ಳಿ ಬಗ್ಗೆ, ಆನೆ ಬಂದ ಕಥೆ ಬಗ್ಗೆ ಮಾತಾಡ್ತಿದ್ದರು. ನಾನು ಮೊದಲ ಸಲ ಅಪ್ಪನನ್ನು ನೋಡಿದ್ದು ಆ ತಿಂಗಳು ಅಂತ ಹೇಳಿದರೂ ನಡೆಯುತ್ತೆ.

ಮೇ 4ರ ಸೋಮವಾರ ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಟಿವಿಯಲ್ಲಿ ಉದ್ದುದ್ದ ಕ್ಯೂ, ಪಟಾಕಿ, ಬಾಟಲಿಗೆ ಆರತಿ. ಎಲ್ಲರೂ ನಕ್ಕರು, ಮೀಮ್ ಮಾಡಿದರು. ಮರುದಿನ ಮಂಗಳವಾರ ಒಂದೇ ದಿನ 197 ಕೋಟಿ ರೂಪಾಯಿ ಮದ್ಯ ಮಾರಾಟವಾಯ್ತು ಅಂತ ದೊಡ್ಡ ಸುದ್ದಿ. ಆ 197 ಕೋಟಿಯಲ್ಲಿ ನಮ್ಮ ಮನೆಯ ಅಕ್ಕಿ ಡಬ್ಬಿಯ ಮುನ್ನೂರು ರೂಪಾಯಿಯೂ ಇತ್ತು.

ಅಪ್ಪನಿಗೆ ಮನಸ್ಸು ಗಟ್ಟಿ ಇರಲಿಲ್ಲ ಅಂತ ಹೇಳಿ ಮುಗಿಸಬಹುದು. ಆದರೆ ನಲವತ್ತು ದಿನ ಮುಚ್ಚಿದ್ದ ಬಾಗಿಲನ್ನು ತೆರೆಯೋ ಮುಂಚೆ, ಇಷ್ಟು ದಿನ ಬಲವಂತವಾಗಿ ಬಿಟ್ಟಿದ್ದ ಲಕ್ಷಾಂತರ ಜನರಲ್ಲಿ ಬಿಟ್ಟೇಬಿಡಬೇಕು ಅನ್ನೋರಿಗೆ ಒಂದು ದಾರಿ ಮಾಡೋಣ ಅಂತ ಸರ್ಕಾರಕ್ಕೆ ಅನ್ನಿಸಲಿಲ್ಲ. ಅಷ್ಟು ದೊಡ್ಡ ಅವಕಾಶ ಮತ್ತೆ ಬರಲ್ಲ.

ಖಜಾನೆಗೆ ಹತ್ತಿದ ಚಟ

ಯಾಕೆ ಅನ್ನಿಸಲಿಲ್ಲ? ಇದಕ್ಕೆ ಉತ್ತರ ಯಾವುದೋ ಒಂದು ಪಕ್ಷದ ಹತ್ತಿರ ಇಲ್ಲ, ತೆರಿಗೆ ವ್ಯವಸ್ಥೆಯಲ್ಲಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆಗಳು ಕೆಲವೇ ಉಳಿದವು. ಕುಡಿಯುವ ಮದ್ಯವನ್ನು ಸಂವಿಧಾನವೇ ಜಿಎಸ್‌ಟಿಯಿಂದ ಹೊರಗಿಟ್ಟಿದೆ. ಹಾಗಾಗಿ ದುಡ್ಡು ಬೇಕಾದಾಗಲೆಲ್ಲ ರಾಜ್ಯ ಸರ್ಕಾರದ ಕೈ ಹೋಗೋದು ಇದೇ ಜೇಬಿಗೆ. 2023-24ರ ಬಜೆಟ್‌ನಲ್ಲಿ ಅಬಕಾರಿ ಗುರಿ 36,000 ಕೋಟಿ. 2024-25ಕ್ಕೆ 38,525 ಕೋಟಿ. 2025-26ಕ್ಕೆ 40,000 ಕೋಟಿ. ರಾಜ್ಯದ ಸ್ವಂತ ತೆರಿಗೆ ಆದಾಯದಲ್ಲಿ ಇದು ಹೆಚ್ಚುಕಡಿಮೆ ಐದನೇ ಒಂದು ಭಾಗ.

'ಗುರಿ' ಅನ್ನೋ ಪದ ಗಮನಿಸಿ. ಗುರಿ ಇದ್ದ ಮೇಲೆ ಅದನ್ನು ಮುಟ್ಟಬೇಕು. ಲೈಸೆನ್ಸ್ ಇಲ್ಲದ ಗೂಡಂಗಡಿಗಳನ್ನು ಹಿಡಿಯಬೇಕಾದ ಇಲಾಖೆಯೇ ಮಾರಾಟದ ಗುರಿ ಹೊತ್ತ ಇಲಾಖೆ. ಆ ಗೂಡಂಗಡಿಗೆ ಬರೋ ಪ್ಯಾಕೆಟ್ ಲೈಸೆನ್ಸ್ ಇರೋ ಅಂಗಡಿಯಿಂದಲೇ ಬರುತ್ತೆ, ಅದರ ಸುಂಕ ಆಗಲೇ ಖಜಾನೆ ಸೇರಿರುತ್ತೆ. ಹಿಡಿಯೋಕೆ ಆತುರ ಯಾರಿಗಿದೆ ಹೇಳಿ?

ಗೃಹಲಕ್ಷ್ಮಿ ಯೋಜನೆಯ ದುಡ್ಡು ಮದ್ಯದಿಂದ ಬರುತ್ತೆ ಅಂತ ವಾಟ್ಸಾಪಲ್ಲಿ ಓಡಾಡೋ ವ್ಯಂಗ್ಯ ನನಗೆ ಇಷ್ಟ ಆಗಲ್ಲ. ಆ ಎರಡು ಸಾವಿರ ಅವ್ವನ ಖಾತೆಗೆ ಬೀಳೋಕೆ ಶುರುವಾದ ಮೇಲೆ ಅವಳ ಮಾತಿನ ಧಾಟಿಯೇ ಬದಲಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ. ಅವಳ ಹೆಸರಿಗೆ ಬರೋ, ಅಪ್ಪನ ಜೇಬು ಹಾಯದೇ ಬರೋ ಮೊದಲ ದುಡ್ಡು ಅದು. ಆದರೆ ಲೆಕ್ಕವಂತೂ ಲೆಕ್ಕವೇ. ಗೃಹಲಕ್ಷ್ಮಿಗೆ 2024-25ರಲ್ಲಿ ಇಟ್ಟ ಹಣ 28,608 ಕೋಟಿ, ಅದೇ ವರ್ಷ ಅಬಕಾರಿಯಿಂದ ಎತ್ತಬೇಕು ಅಂದುಕೊಂಡಿದ್ದು ಅದಕ್ಕಿಂತ ಸುಮಾರು ಹತ್ತು ಸಾವಿರ ಕೋಟಿ ಹೆಚ್ಚು. ಮುಂಬಾಗಿಲಲ್ಲಿ ಅವ್ವನಿಗೆ ಕೊಟ್ಟಿದ್ದು ಹಿತ್ತಲ ಬಾಗಿಲಲ್ಲಿ ಅಪ್ಪನ ಮೂಲಕ ವಾಪಸ್ ಹೋಗೋ ಮನೆಗಳು ನಮ್ಮ ಲೈನಲ್ಲೇ ಇವೆ.

ಬೆಲೆ ಏರಿಸಿದರೆ ಕುಡಿಯೋದು ಕಡಿಮೆಯಾಗುತ್ತೆ ಅಂತಾರೆ. ಒಟ್ಟಾರೆ ಸಮಾಜದ ಲೆಕ್ಕದಲ್ಲಿ, ಅದರಲ್ಲೂ ಹೊಸದಾಗಿ ಶುರು ಮಾಡೋ ಹುಡುಗರ ವಿಷಯದಲ್ಲಿ ಅದು ನಿಜ. ಆದರೆ ಆಗಲೇ ಚಟಕ್ಕೆ ಬಿದ್ದವರ ಮನೆಯಲ್ಲಿ ಏರಿದ ಬೆಲೆಯನ್ನು ಕಟ್ಟೋದು ಮಕ್ಕಳ ತಟ್ಟೆ. 2023ರ ಜುಲೈನಲ್ಲಿ ಎಲ್ಲ ಸ್ಲ್ಯಾಬ್‌ಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಿದರು. ಮರುವರ್ಷ ಆಗಸ್ಟಲ್ಲಿ ಇಳಿದಿದ್ದು ದುಬಾರಿ ಬ್ರಾಂಡ್‌ಗಳ ಬೆಲೆ. ಕಾರಣ, ಅಕ್ಕಪಕ್ಕದ ರಾಜ್ಯಗಳಿಗೆ ಗಿರಾಕಿ ಹೋಗಬಾರದು. ಅಪ್ಪ ಕುಡಿಯೋ ಪ್ಯಾಕೆಟ್ಟಿಗೆ ಆ ಭಾಗ್ಯ ಬರಲಿಲ್ಲ.

ಈ ಆದಾಯ ನಿಜಕ್ಕೂ ಲಾಭವಾ ಅಂತ ನಮ್ಮ ರಾಜ್ಯದಲ್ಲೇ ಲೆಕ್ಕ ಹಾಕಿದವರಿದ್ದಾರೆ. ನಿಮ್ಹಾನ್ಸ್ ತಜ್ಞರು 2000ನೇ ಇಸವಿಯಲ್ಲಿ ಕರ್ನಾಟಕದ ಬಗ್ಗೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮದ್ಯವ್ಯಸನದಿಂದ ಆಗುವ ನಷ್ಟ, ಅಂದರೆ ಚಿಕಿತ್ಸೆ, ತಪ್ಪಿದ ಕೆಲಸ, ಸಾಲ ಎಲ್ಲ ಸೇರಿ, ಅಬಕಾರಿ ಆದಾಯದ ಎರಡು ಪಟ್ಟಿಗೂ ಹೆಚ್ಚು ಅಂತ ಕಂಡುಬಂತು. ಆದಾಯ ಸರ್ಕಾರದ ಪುಸ್ತಕದಲ್ಲಿ ಬರೀತಾರೆ, ನಷ್ಟ ಮನೆಗಳಲ್ಲಿ ಹಂಚಿಹೋಗಿರುತ್ತೆ. ಅದಕ್ಕೇ ಬಜೆಟ್ ದಿನ ಅದು ಯಾರ ಕಣ್ಣಿಗೂ ಬೀಳಲ್ಲ.

ನಿಷೇಧ ಅನ್ನೋ ಸುಲಭದ ಮಾತು

ಹಾಗಾದರೆ ನಿಷೇಧಿಸಿಬಿಡಿ? ನನ್ನ ಹದಿನೈದನೇ ವಯಸ್ಸಲ್ಲಿ ಕೇಳಿದ್ದರೆ ಹೂಂ ಅಂತಿದ್ದೆ. ಕರ್ನಾಟಕ ಒಮ್ಮೆ ಅರ್ಧ ನಿಷೇಧ ಮಾಡಿ ನೋಡಿದೆ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯ್ತು. ಸಾರಾಯಿ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಚಿಕ್ಕ ಪ್ಯಾಕೆಟ್‌ಗಳು ಬಂದವು. ಕುಡಿಯೋರಿಗೆ ಖರ್ಚು ಜಾಸ್ತಿ, ಸರ್ಕಾರಕ್ಕೆ ಆದಾಯವೂ ಜಾಸ್ತಿ ಆಯ್ತು. ವರ್ಷ ತುಂಬೋ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ಸಂಪೂರ್ಣ ನಿಷೇಧ ತಂದ ಬಿಹಾರದಲ್ಲೂ 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯ ವಿಷಮದ್ಯ ಡಜನ್‌ಗಟ್ಟಲೆ ಜೀವ ತೆಗೆದುಕೊಂಡಿತು. ಸತ್ತವರು ಬಹುಪಾಲು ಕೂಲಿಗಳೇ.

ಆದರೆ ನಿಷೇಧ ಕೇಳೋ ಹೆಂಗಸರನ್ನು 'ಪ್ರಾಕ್ಟಿಕಲ್ ಅಲ್ಲ' ಅಂತ ತಳ್ಳಿಹಾಕೋದೂ ಅನ್ಯಾಯ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ರಾಯಚೂರು ಕಡೆಯಿಂದ ಬಂದವರೇ ಬಹಳ. ಆಗ ನಾನು ಡಿಗ್ರಿ ಓದ್ತಿದ್ದೆ, ಮಲ್ಲೇಶ್ವರದ ರಸ್ತೆ ಬದಿ ನಿಂತು ಅವರನ್ನು ನೋಡಿದೆ. ಅವರು ಕೇಳಿದ್ದು ನೀತಿಪಾಠ ಅಲ್ಲ. ನಮ್ಮೂರಲ್ಲಿ ಏನು ಮಾರಬೇಕು ಅಂತ ಹೇಳೋ ಹಕ್ಕು ನಮಗಿರಲಿ ಅಂತ ಕೇಳಿದರು. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಬಹುಮತದಿಂದ ಮತ ಹಾಕಿ ಮದ್ಯದಂಗಡಿ ಮುಚ್ಚಿಸೋ ನಿಯಮ ಇದೆ. 'ಬಾಟಲಿ ಅಡ್ಡ' ಮಲಗಿಸೋ ಮತದಾನ ಅಂತಲೇ ಅದಕ್ಕೆ ಹೆಸರು. ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಹೇಳೋದೂ ಮದ್ಯ ನಿಷೇಧಿಸೋಕೆ ಪ್ರಯತ್ನಿಸು ಅಂತಲೇ.

ನಾವು ಕೇಳಬೇಕಾದ್ದು

ದೆಹಲಿ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೇಳಿದ್ದು ಕೇಳಿ: ಮದ್ಯಕ್ಕೆ ಅಂಟಿಕೊಂಡ ಪ್ರತಿ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಗುತ್ತೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆಯೋರು 180ರಲ್ಲಿ ಒಬ್ಬರು. ಮಲೆನಾಡಿನ ಹಳ್ಳಿಗಳಲ್ಲಿ ಈ ಜಾಗ ತುಂಬಿರೋದು ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು. ವಾರದ ಮಟ್ಟಿಗೆ ಊರಲ್ಲೇ ಶಿಬಿರ, ಭಜನೆ, ಯೋಗ, ಆಪ್ತಸಲಹೆ. ಅದರಿಂದ ಬಿಟ್ಟವರಿದ್ದಾರೆ, ಅವರ ಹೆಂಡತಿಯರ ಮುಖ ನೋಡಿದರೆ ಗೊತ್ತಾಗುತ್ತೆ. ಆದರೆ 40,000 ಕೋಟಿ ಎತ್ತೋ ಸರ್ಕಾರ ಚಿಕಿತ್ಸೆಯನ್ನು ದಾನ ಧರ್ಮದ ಮೇಲೆ ಬಿಡಬಹುದಾ?

ಒಂದು ಸಣ್ಣ ಲೆಕ್ಕ ಹಾಕೋಣ. ಅಬಕಾರಿ ಆದಾಯದಲ್ಲಿ ನೂರಕ್ಕೆ ಒಂದೇ ಒಂದು ರೂಪಾಯಿ ತೆಗೆದಿಟ್ಟರೆ 400 ಕೋಟಿ. 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ವರ್ಷಕ್ಕೆ ಸುಮಾರು 13 ಕೋಟಿ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸೋಕೆ ನಾಲ್ಕು ಹಾಸಿಗೆ, ಒಬ್ಬ ಆಪ್ತಸಲಹೆಗಾರರು, ಹೋಬಳಿ ಮಟ್ಟದ ಆರೋಗ್ಯ ಕೇಂದ್ರದಲ್ಲಿ ಔಷಧಿ, ತಿಂಗಳಿಗೊಮ್ಮೆ ಮನೆಯವರ ಸಭೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಬಜೆಟ್‌ನಲ್ಲಿ ಒಂದು ಸಾಲು ಬೇಕು. ಜೊತೆಗೆ ಹೊಸ ಅಂಗಡಿಗೆ ಗ್ರಾಮಸಭೆಯ ಒಪ್ಪಿಗೆ, ಲೈಸೆನ್ಸ್ ಇಲ್ಲದ ಮಾರಾಟ ಹಿಡಿಯೋ ಕೆಲಸ ಮಾರಾಟದ ಗುರಿ ಇಲ್ಲದ ಬೇರೆ ಕೈಗೆ.

ಇದು ಬರೀ ಲೈನ್ ಮನೆಗಳ ಕಾಯಿಲೆ ಅಂದುಕೊಂಡರೆ ತಪ್ಪು. ತೋಟದ ಬಂಗಲೆಗಳಲ್ಲೂ ಇದೇ ಕಥೆ ಇದೆ. ಅಲ್ಲಿ ಅದಕ್ಕೆ ಕ್ಲಬ್ಬು, ಪಾರ್ಟಿ ಅಂತ ಹೆಸರು, ಕಾರಲ್ಲಿ ಕರೆತರೋಕೆ ಡ್ರೈವರ್ ಇರ್ತಾನೆ. ನನ್ನ ಜೊತೆ ಹೈಸ್ಕೂಲು ಓದಿದ ಸಾಹುಕಾರರ ಮಗಳೊಬ್ಬಳು ಮೊನ್ನೆ ಬೆಂಗಳೂರಲ್ಲಿ ಸಿಕ್ಕಾಗ ಹೇಳಿದಳು: 'ನಾನು ಜೀಪಿನ ಸದ್ದು ಕೇಳ್ತಿದ್ದೆ ಕಣೇ.' ಅವಳ ಅಪ್ಪನನ್ನು ಊರಲ್ಲಿ ಯಾರೂ ಕುಡುಕ ಅನ್ನಲಿಲ್ಲ. ಹಾಗಾಗಿ ಅವಳ ಅಮ್ಮ ಯಾರ ಹತ್ತಿರಾನೂ ಹೇಳಿಕೊಳ್ಳಲಿಲ್ಲ.

ನಮ್ಮಪ್ಪ ಎರಡು ಸಲ ಬಿಟ್ಟು ಎರಡು ಸಲ ಶುರು ಮಾಡಿದರು. ಮೂರನೇ ಸಲ ಮಾತ್ರೆ ತಗೊಂಡು, ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಬಂದು, ಈಗ ಹದಿನಾಲ್ಕು ತಿಂಗಳು. ಮರ ಹತ್ತೋಕೆ ಆಗಲ್ಲ, ಲಿವರ್ ಹೋಗಿದೆ. ಅವ್ವ ಈಗಲೂ ದುಡ್ಡನ್ನು ಅಕ್ಕಿ ಡಬ್ಬಿಯಲ್ಲೇ ಇಡ್ತಾಳೆ.

ಅಣ್ಣ ಕುಡೀತಾನೆ. ಅಪ್ಪನ ಕುಡಿತದಿಂದ ಶಾಲೆ ಬಿಟ್ಟವನು, ಅಪ್ಪನನ್ನು ಬೈದು ಬೆಳೆದವನು. ಕುಡಿತಕ್ಕೆ ಬೀಳುವ ಅಪಾಯದಲ್ಲಿ ಅರ್ಧದಷ್ಟು ರಕ್ತದಲ್ಲೇ ಬರುತ್ತೆ ಅಂತ ಸಂಶೋಧನೆಗಳು ಹೇಳ್ತವೆ. ಉಳಿದರ್ಧ ಮನೆ, ಕೆಲಸ, ಹತ್ತಿರದ ಅಂಗಡಿ. ರಕ್ತ ಬದಲಾಯಿಸೋಕೆ ಆಗಲ್ಲ. ಉಳಿದರ್ಧಕ್ಕಾಗಿಯೇ ನಮ್ಮ ರಾಜಕೀಯ ಇರಬೇಕಾದ್ದು.

ಇದನ್ನು ಓದ್ತಿರೋರಲ್ಲಿ ನಮ್ಮಂಥ ಮನೆಯಿಂದ ಬಂದವರು ಖಂಡಿತ ಇರ್ತೀರಿ. ಕುಡಿತ ಬಿಡಿಸೋ ವಿಷಯಕ್ಕೆ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ 1098, ಹೆಂಗಸರಿಗೆ 181. ದಿನಾ ಕುಡಿಯೋರನ್ನು ಡಾಕ್ಟರಿಗೆ ತೋರಿಸದೆ ಒಂದೇ ಸಲ ನಿಲ್ಲಿಸೋಕೆ ಹೋಗಬೇಡಿ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ಅಣ್ಣನ ಮಗಳು ಹೋಂವರ್ಕ್ ಮಾಡ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಪೆನ್ಸಿಲ್ ನಿಲ್ಲಿಸಿ ತಲೆ ಎತ್ತಿದಳು. ನಮಗಿನ್ನೂ ಏನೂ ಕೇಳಿಸಿರಲಿಲ್ಲ. ಅವಳಿಗೆ ಏಳು ವರ್ಷ.